ಅತ್ತಿಯ ಕಣ್ಣಿಗೊಂದು ಜೋಡಿ

ನಮ್ಮ ಅತ್ತಿ ಸ್ವಾರ್ಥಿ ಅಂತ ನಾನೇನಾದರೂ ಬಾಯಿತಪ್ಪಿ ಅಂದರೆ ಮೈಲೂರಿನ ಅರ್ಧ ಮಂದಿ ನನ್ನ ಮೇಲೆ ಏರಿ ಬರುತ್ತಾರೆ. ಸರಿ, ಪರೋಪಕಾರಿ ಅಂತೀನಿ ಅಂದರೆ ಸ್ವತಃ ಅತ್ತಿಯೇ ಏರಿ ಬರುತ್ತಾಳೆ! "ಮಂದಿ ಬ್ಯಾರೆ, ನಾ ಬ್ಯಾರೆ ಅಂತ ನಿನಗ ಯಾರು ಹೇಳ್ಯಾರ?" ಅಂತ ಕೇಳುತ್ತಾಳೆ. ಇದಕ್ಕೆ ಉತ್ತರ ಕೊಡಲು ನಿಂತವರು ಚಹಾದ ಹೊತ್ತನ್ನೂ ಊಟದ ಹೊತ್ತನ್ನೂ ಕಳೆದುಕೊಂಡಿದ್ದಾರೆ. ಅದಕ್ಕೇ ನಾನು ಏನೂ ಅನ್ನುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಏನು ಅನ್ನಬೇಕೋ ನೀವೇ ಅಂದುಕೊಳ್ಳಿರಿ.

ಅತ್ತಿ ಅಂದರೆ ನಮ್ಮಪ್ಪನ ತಂಗಿ. ಮದುವೆಯಾಗಲಿಲ್ಲ. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ರಿಟೈರ್ ಆದಳು, ನಮ್ಮಪ್ಪನೂ ತೀರಿಕೊಂಡ, ಆಮೇಲೆ ಟ್ರಂಕು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ನಾವೇ ಅವಳನ್ನು ನೋಡಿಕೊಳ್ಳಲು ಕರೆತಂದೆವು ಅಂತ ನನ್ನ ಗಂಡ ತಿಳಿದಿದ್ದರು. ಅತ್ತಿಯೋ, "ನಿಮ್ಮಿಬ್ಬರಿಗೂ ನೋಡ್ಕೊಳ್ಳಾಕಿ ನಾ ಬಂದೀನಿ, ಇನ್ನ ಬೇಫಿಕರ್ ಇರ್ರಿ" ಅಂತ ಹೊಸ್ತಿಲಲ್ಲೇ ಘೋಷಿಸಿದಳು. ಬೇಫಿಕರ್! ನಮ್ಮ ನಿಶ್ಚಿಂತೆಗೆ ಅಂದೇ ಕೊನೆ ನೋಡಿರಿ.

ಅವಳ ಸಿದ್ಧಾಂತ ದೊಡ್ಡದೇನಲ್ಲ. "ದೇವರು ಅಂಗಿ ಬ್ಯಾರೆ ಬ್ಯಾರೆ ಹೊಲದಾನ, ಅರಿವಿ ಒಂದೇ ಥಾನಿಂದು." ಇಷ್ಟೇ. ಎಲ್ಲರ ಬಟ್ಟೆಯೂ ಒಂದೇ ಸುರುಳಿಯದಾದ ಮೇಲೆ ತನಗೆ ಏನು ಮಾಡಿಕೊಂಡರೂ ಅದೇ ಹೊತ್ತಿಗೆ ಇನ್ನೊಬ್ಬರಿಗೂ ಮಾಡಬೇಕು. ಇನ್ನೊಬ್ಬರಿಗೆ ಮಾಡಿದರೆ ತನಗೂ ಮಾಡಿಕೊಳ್ಳಬೇಕು. ಒಂದೇ ಕಡೆ ಮಾಡುವುದು ಅವಳ ಪ್ರಕಾರ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಅಡ್ಡಾಡಿದ ಹಾಗೆ.

ಕೇಳಲು ಎಷ್ಟು ಛಂದ ಅಲ್ಲವೇ? ಇದರ ಜೊತೆ ಒಂದೇ ಸೂರಿನಡಿ ಬಾಳುವೆ ಮಾಡಿ ನೋಡಿರಿ! ಅತ್ತಿ ಚಪ್ಪಲಿ ತಂದರೆ ಎರಡು ಜೊತೆ ತರುತ್ತಾಳೆ. ಎರಡನೆಯದು ಮನೆಯಲ್ಲಿ ಯಾರಿಗೂ ಹತ್ತದಿದ್ದರೆ ಅದನ್ನು ಹಿಡಿದುಕೊಂಡು ಓಣಿಯಲ್ಲಿ ಕಾಲು ಹುಡುಕುತ್ತ ಹೊರಡುತ್ತಾಳೆ. ಅವಳು ಕಷಾಯ ಕುಡಿಯುವ ಹೊತ್ತಿಗೆ ನನ್ನ ಗಂಡನಿಗೆ ಹೊರಗೆ ಏನಾದರೊಂದು ಅರ್ಜೆಂಟ್ ಕೆಲಸ ನೆನಪಾಗುತ್ತದೆ.

ಒಮ್ಮೆ ಮೊಣಕಾಲು ನೋವು ಅಂತ ಬಿಸಿನೀರಿನ ಬಕೆಟ್ಟಿಗೆ ಉಪ್ಪು ಹಾಕಿ, ಕಾಲು ಇಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದಳು. ಅದೇ ಗಳಿಗೆಗೆ ಪಾರ್ಸಲ್ ತರುವವನು ಬಾಗಿಲಿಗೆ ಬರಬೇಕೇ! ಅವನ ಬೂಟು ಬಿಚ್ಚಿಸಿದಳು. ನನಗೆ ಇನ್ನೊಂದು ಬಕೆಟ್ ತರಲು ಕೂಗಿದಳು.

"ಅಮ್ಮಾ, ಇನ್ನಾ ಬಾಳ ಮನಿಗಿ ಹೋಗಬೇಕ್ರಿ" ಅಂತ ಆತ ಗೋಗರೆದ.

"ಅದಕ್ಕೇ ಹೇಳ್ಲತ್ತೀನಿ. ಹೋಗೋದು ಕಾಲಿಂದೇ ಹೌದಿಲ್ಲೋ? ಇಡು."

ಆತ ಬಕೆಟ್ಟಿನಲ್ಲಿ ಕಾಲಿಟ್ಟವನು ಗೋಡೆಗೊರಗಿ ನಿದ್ದೆ ಹೋದ. ಮುಂದಿನ ವಾರ ನಮ್ಮ ಮನೆಗೆ ಪಾರ್ಸಲ್ ಏನೂ ಇರಲಿಲ್ಲ. ಆದರೂ ಆತ ಬಂದ.

ಭಾಲ್ಕಿಯಲ್ಲಿ ನಮ್ಮ ಬಳಗದ ಒಂದು ಮದುವೆ. ಅತ್ತಿ ಸೆರಗು ಸಿಕ್ಕಿಸಿ ಬಡಿಸಲು ನಿಂತಳು. ಬಡಿಸಿದ ಮೇಲೆ ತಾನೂ ಉಣ್ಣಬೇಕಲ್ಲ? ಒಂದು ಪಂಕ್ತಿ ಬಡಿಸಿದಳು, ಆ ಪಂಕ್ತಿಯ ತುದಿಗೆ ಕೂತು ಒಂದಿಷ್ಟು ಉಂಡಳು. ಎದ್ದು ಮುಂದಿನ ಪಂಕ್ತಿ ಬಡಿಸಿದಳು, ಮತ್ತೆ ಕೂತಳು. ದೊಡ್ಡ ಮದುವೆ ಅದು, ಊರಿಗೆ ಊರೇ ಬಂದಿತ್ತು! ಕಡೆಗೆ ಪೆಂಡಾಲಿನ ಮೂಲೆಯಲ್ಲಿ ಜಮಖಾನೆಯ ಮೇಲೆ ಅಡ್ಡಾದಳು. "ಯಾಕ ಅತ್ತಿ, ಇಷ್ಟ್ಯಾಕ ಉಂಡಿ?" ಅಂದೆ. ನರಳುತ್ತಲೇ, "ನಡುವ ಬಿಟ್ರ ಕಡೀ ಪಂಕ್ತಿ ಮಂದಿ ಏನು ಪಾಪ ಮಾಡ್ಯಾರ?" ಅಂದಳು.

ನಮ್ಮ ಚರ್ಚಿನ ಪಾಸ್ಟರ್ ಒಳ್ಳೆಯವರು, ಶಾಂತ ಮನುಷ್ಯ. ಒಂದು ದಿನ ಚಹಾಕ್ಕೆ ಬಂದವರು, "ಸಿಸ್ಟರ್, ಮೊದಲು ಮಂದಿ ಸೇವಾ, ಆಮ್ಯಾಗ ನಮ್ಮದು, ಹಿಂಗಿರಬೇಕ್ರಿ" ಅಂತ ಮೆಲ್ಲಗೆ ತಿದ್ದಲು ಹೋದರು. ಅತ್ತಿ ಕಪ್ಪು ಕೆಳಗಿಟ್ಟಳು.

"ಪಾಸ್ಟರ್, ಮಂದಿ ಅಂದ್ರ ಯಾರ್ರಿ?"

"ಎಲ್ಲಾರೂ."

"ಎಲ್ಲಾರ್ನಾಗ ನಾ ಬರ್ತೇನೋ ಇಲ್ಲೋ? ನನಗೊಬ್ಬಾಕಿಗಿ ಹೊರಗ ನಿಂದ್ರಿಸಿ ಎಲ್ಲಾರೂ ಅಂದ್ರ ಲೆಕ್ಕ ಹ್ಯಾಂಗ ಹತ್ತತದ್ರಿ?"

ಪಾಸ್ಟರ್ ಇನ್ನೊಂದು ಬಿಸ್ಕೀಟು ತೆಗೆದುಕೊಂಡರು. ಮುಂದಿನ ಭಾನುವಾರದ ಉಪದೇಶದಲ್ಲಿ ಅದೇ ಮಾತು ಬಂತು. ಯಾರದೆಂದು ಹೇಳಲಿಲ್ಲ, ಆದರೆ ಅತ್ತಿ ಸಭೆಯ ಕಡೆಗೊಮ್ಮೆ ತಿರುಗಿ ನೋಡಿ ಎಲ್ಲರಿಗೂ ತಿಳಿಸಿಬಿಟ್ಟಳು!

ಇಷ್ಟೆಲ್ಲ ನಗುನಗುತ್ತಲೇ ನಡೆದಿತ್ತು. ಅಷ್ಟರಲ್ಲಿ ಅತ್ತಿಯ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬಂತು. ಎಡಗಣ್ಣು ಅವಳಿಗೆ ಸಣ್ಣಂದಿನಿಂದಲೇ ಮಸುಕು. ನೋಡುವುದೆಲ್ಲ ಬಲಗಣ್ಣಿನಿಂದ. ಬಂದದ್ದು ಆ ಬಲಗಣ್ಣಿಗೇ. ಕಣ್ಣಿನ ಡಾಕ್ಟರ್ ನನ್ನನ್ನೂ ಅತ್ತಿಯನ್ನೂ ಕೂಡಿಸಿ ಬಿಡಿಸಿ ಹೇಳಿದರು: ಆಪರೇಷನ್ ಮಾಡಿದರೆ ಕಾಣುತ್ತದೆ, ತೀರಾ ತಡ ಮಾಡಿದರೆ ಕಣ್ಣಿನ ಒತ್ತಡ ಏರಿ ನೋಟವೇ ಹೋಗಬಹುದು, ಹೋದದ್ದು ತಿರುಗಿ ಬರುವುದಿಲ್ಲ. ಅತ್ತಿ ತಾನೇ ನರ್ಸ್, ಅವಳಿಗೆ ಇದು ಗೊತ್ತಿಲ್ಲದ್ದೇ? ತಲೆಯಾಡಿಸಿ, "ಆಗಲ್ರಿ, ಮಾಡಿಸ್ಕೊಳ್ತೇನಿ. ಆದ್ರ ಜೋಡಿ ಬೇಕು" ಅಂದಳು.

"ಯಾತರ ಜೋಡಿ?" ಅಂದರು ಡಾಕ್ಟರ್.

"ನಾ ಒಬ್ಬಾಕಿನೇ ಕಣ್ಣು ಮಾಡಿಸ್ಕೊಂಡ್ರ ಹ್ಯಾಂಗ್ರಿ? ನನ್ನ ಜೋಡಿ ಇನ್ನೊಬ್ಬರದೂ ಆಗಬೇಕು."

ಅಲ್ಲಿಂದ ಶುರುವಾಯಿತು ನೋಡಿರಿ ಸಂಬಂಧ ಹುಡುಕಾಟ! ಕನ್ಯೆ ನೋಡಲು ಹೋದವರೂ ಇಷ್ಟು ಬಸ್ಸು ಹತ್ತಿ ಇಳಿದಿರಲಿಕ್ಕಿಲ್ಲ. ಮೊದಲು ಒದಗಿದವಳು ಭಾಲ್ಕಿಯ ಗೆಳತಿ, ಅತ್ತಿಯ ಜೊತೆ ನರ್ಸಿಂಗ್ ಕಲಿತವಳು. "ವಯಸ್ಸು ಹೊಂದತದ, ಸ್ವಭಾವ ಛಲೋ ಅದ, ಬಲಗಣ್ಣೇ ಕೆಟ್ಟದ. ಇನ್ನೇನು ಬೇಕು?" ಅಂತ ಅತ್ತಿ ಕುಣಿದಾಡಿದಳು. ಇಬ್ಬರಿಗೂ ಒಂದೇ ದಿನ ಆಪರೇಷನ್ ನಿಗದಿಯಾಯಿತು. ಗೆಳತಿ ಒಳಗೆ ಹೋದಳು. ಅತ್ತಿಯ ಹೆಸರು ಕೂಗಿದರೆ ಕುರ್ಚಿಯಿಂದ ಏಳಲೇ ಇಲ್ಲ!

"ಇಬ್ಬರೂ ಪಟ್ಟಿ ಕಟ್ಕೊಂಡು ಕೂತ್ರ ಆಕೀಗಿ ಊರು ಮುಟ್ಟಸೋರು ಯಾರು? ಬಸ್ಸಿನ ಬೋರ್ಡು ಯಾರು ಓದಬೇಕು?"

"ನಾ ಇಲ್ಲೇನು ಅತ್ತಿ?"

"ನಿನಗ ಸಾಲಿ ಅದ. ಮಕ್ಕಳು ಕಾಯ್ಲತ್ತಾವ, ನಡಿ."

ನಾನು ಪಾಠ ಹೇಳಲು ಸಾಲಿಗೆ ಹೋದೆ. ಅತ್ತಿ ಬಸ್ ಸ್ಟ್ಯಾಂಡಿನಲ್ಲಿ ಸ್ವತಃ ಬೋರ್ಡು ಓದಿ ಗೆಳತಿಯನ್ನು ಬಸ್ಸು ಹತ್ತಿಸಿದಳು. ಭಾಲ್ಕಿಗೆ ಹೋಗಬೇಕಾದವರು ಇಬ್ಬರೂ ಹುಮನಾಬಾದಿಗೆ ಹೋಗಿ ಇಳಿದರು.

ಅವಳ ಕಣ್ಣು ಎಲ್ಲಿಗೆ ಬಂದಿದೆ ಎಂಬುದು ನಮಗೆ ಪೂರ್ತಿ ತಿಳಿದದ್ದು ಒಂದು ಭಾನುವಾರ. ಭಾನುವಾರ ಚರ್ಚಿನಿಂದ ಬಂದ ಮೇಲೆ ಅತ್ತಿ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಾಳೆ. ಹಚ್ಚಿಕೊಂಡ ಮೇಲೆ ಇನ್ನೊಂದು ತಲೆ ಬೇಕು, ಅದು ಸಾಮಾನ್ಯವಾಗಿ ನನ್ನ ಗಂಡನದು. ಅಂದು ಅವರ ಆಫೀಸಿನ ಸಾಹೇಬರು ಮೊದಲ ಸಲ ಮನೆಗೆ ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತಿದ್ದರು. ನನ್ನ ಗಂಡ ಒಳಗೆ ನೀರು ತರಲು ಬಂದರು, ಅಷ್ಟೇ. ಅತ್ತಿ ಹಿಂದಿನಿಂದ ಹೋಗಿ ಅಂಗೈತುಂಬ ಎಣ್ಣೆಯನ್ನು ಸಾಹೇಬರ ತಲೆಗೆ ಹಾಕಿ ತಿಕ್ಕತೊಡಗಿದಳು. ಸಾಹೇಬರದು ಬೋಳುತಲೆ!

"ಯವ್ವಾ! ಇಷ್ಟೂ ಕೂದಲು ಯಾವಾಗ ಉದುರ್ಯಾವಪ್ಪಾ? ಆಫೀಸಿಂದು ಅಷ್ಟು ಚಿಂತಿ ಮಾಡಬ್ಯಾಡ. ಆ ಸಾಹೇಬ ಏನರ ಅನ್ಕೊಂಡು ಹೋಗ್ಲಿ!"

ನಾವು ಓಡಿ ಬಂದಾಗ ಸಾಹೇಬರು ಕಣ್ಣು ಮುಚ್ಚಿ, ಕೈ ಕಟ್ಟಿ, ಭಕ್ತಿಯಿಂದ ಕೂತಿದ್ದರು. ಹೋಗುವಾಗ ನನ್ನ ಗಂಡನ ಕಿವಿಯಲ್ಲಿ, "ನಿಮ್ಮ ಮಂದ್ಯಾಗ ಬಂದವರಿಗಿ ಎಣ್ಣಿ ಹಚ್ಚೋ ರಿವಾಜು ಅದ ಅಂತ ನನಗ ಗೊತ್ತಿದ್ದಿಲ್ರಿ, ಬಾಳ ಹಗರ ಆಯ್ತು" ಅಂದರು. ಅವರು ಗೇಟು ದಾಟುವವರೆಗೆ ತಡೆದುಕೊಂಡು ಆಮೇಲೆ ಬಿದ್ದು ಬಿದ್ದು ನಕ್ಕೆವು. ನಕ್ಕು ಮುಗಿದ ಮೇಲೆ ಸುತ್ತ ನೋಡಿದೆವು. ಪಡಸಾಲೆಯಲ್ಲಿ ಹಗಲು ಬೆಳಕು ಚೆನ್ನಾಗಿಯೇ ಇತ್ತು.

ನಾನು ಹಟ ಹಿಡಿದೆ. ಅತ್ತಿಯೂ ಒಪ್ಪಿದಳು, ಆದರೆ ಮತ್ತೆ ಅದೇ ಮಾತು, ಜೋಡಿ. ಈ ಸಲ ಔರಾದ ತಾಲ್ಲೂಕಿನ ಠಾಣಾ ಕುಶನೂರಿನಿಂದ ಒಬ್ಬ ಮುದುಕ ಗೊತ್ತಾದ. ಅತ್ತಿ ಆಸ್ಪತ್ರೆಯಲ್ಲಿದ್ದಾಗ ಅವನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದ್ದವಂತೆ. ಹೊಲದಲ್ಲಿ ತೊಗರಿ ಯಾವುದು, ಕಸ ಯಾವುದು ತಿಳಿಯದಷ್ಟು ಮಂಜಾಗಿದೆ ಅಂತ ಫೋನಿನಲ್ಲಿ ಹೇಳಿದ. ಅತ್ತಿಗೆ ಬಲು ಖುಷಿ! ಮುದುಕ ಬೆಳಗಿನ ಬಸ್ಸಿಗೇ ಬಂದ. ಡಾಕ್ಟರ್ ಅವನ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು, ಮತ್ತೆ ನೋಡಿದರು. ಆಮೇಲೆ ಅವನ ಚಷ್ಮಾ ತೆಗೆದುಕೊಂಡು ನಲ್ಲಿಯ ಕೆಳಗೆ ಹಿಡಿದು, ಸಾಬೂನು ಹಾಕಿ ತೊಳೆದು, ಒರೆಸಿ ಅವನ ಮೂಗಿನ ಮೇಲಿಟ್ಟರು.

"ಅರೆರೆ!" ಅಂದ ಮುದುಕ. "ಸಿಸ್ಟರ್, ನೀವು ಇಷ್ಟು ಮುದುಕಿ ಯಾವಾಗ ಆದ್ರಿ?"

ಅವನಿಗೆ ಚಹಾ ಕುಡಿಸಿ ಬಸ್ಸು ಹತ್ತಿಸಿದೆವು. ಅತ್ತಿ ಮಾತ್ರ ನಿರಾಳ, "ಜೋಡಿ ಕೂಡಿ ಬರ್ಲಿಲ್ಲ, ಏನು ಮಾಡಬೇಕು?" ಅಂದಳು. ಆದರೆ ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು, ಒತ್ತಡ ಏರತೊಡಗಿದೆ, ಈ ವಾರ ಬಿಟ್ಟರೆ ತಾನು ಮಾತು ಕೊಡಲಾರೆ ಅಂದರು.

ನನಗೆ ಸಿಟ್ಟು ಬಂತು. ಅಂಥಿಂಥ ಸಿಟ್ಟಲ್ಲ! ಮನೆಗೆ ಬಂದವಳೇ ಚೀಲ ಬಿಸಾಕಿದೆ.

"ಎಲ್ಲಾರೂ ಒಂದೇ ಅಂತಿಯಲ್ಲ, ಖರೇನೋ ಸುಳ್ಳೋ?"

"ಖರೇ."

"ಹಂಗಾದ್ರ ನಿನ್ನ ಕಣ್ಣು ನಂದೂ ಹೌದು. ನನ್ನ ಕಣ್ಣಿಗಿ ನೀ ಹಿಂಗ ಮಾಡ್ಲತ್ತಿ. ಕೇಳೋ ಹಕ್ಕು ನನಗಿಲ್ಲೇನು? ಮಂದಿಗಿ ಮಾಡಿದಷ್ಟು ತನಗೂ ಮಾಡ್ಕೋಬೇಕು ಅಂತ ಪಾಸ್ಟರ್‌ಗೇ ಹೇಳಿಕೊಟ್ಟಾಕಿ ನೀ!"

ಅತ್ತಿ ವಾದಕ್ಕೆ ಬರುತ್ತಾಳೆ ಅಂದುಕೊಂಡಿದ್ದೆ. ಬರಲಿಲ್ಲ. ಸೆರಗಿನ ತುದಿ ಸುತ್ತುತ್ತ ಕೂತಳು. ಅವಳ ದನಿಯೇ ಅಲ್ಲವೇನೋ ಅನ್ನುವಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ಇರೋದು ಒಂದೇ ಕಣ್ಣವ್ವಾ. ಪಟ್ಟಿ ಬಿಚ್ಚಿದಾಗ ಕತ್ತಲಿನೇ ಇದ್ರ? ಆಪರೇಷನ್ ಥೇಟರ್‌ನಾಗ ಪೇಶಂಟ್ ಕೈ ಹಿಡ್ಕೊಂಡು ನಿಂದ್ರೋದು ನನ್ನ ಕೆಲಸ ಇತ್ತು. ಯಾರು ಎಷ್ಟು ನಡಗ್ತಾರ ಎಲ್ಲಾ ನನಗ ಗೊತ್ತದ. ನಾ ಮಲಗಿದ್ರ ನನ್ನ ಕೈ ಯಾರು ಹಿಡೀಬೇಕು? ಜೋಡಿ ಇದ್ರ ಅವರಿಗಿ ಧೈರ್ಯ ಹೇಳಕೋತ ನಾನೂ ಹೋಗಿಬಿಡ್ತೇನಿ ಅನ್ಕೊಂಡಿದ್ದೆ. ಭಾಲ್ಕಿ ಗೆಳತಿ ಬಂದಾಗ ಅದೂ ಆಗಲಿಲ್ಲ."

ನನ್ನ ಸಿಟ್ಟು ಎಲ್ಲಿ ಹೋಯಿತೋ! ಅತ್ತಿಗೆ ಅಂಜಿಕೆ ಅಂತ ಒಂದಿದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. "ನಾ ಹಿಡೀತೀನಿ" ಅಂದೆ.

ಹೊರಗಿನವರನ್ನು ಒಳಗೆ ಬಿಡುವ ಪದ್ಧತಿ ಇಲ್ಲ ಅಂತ ಡಾಕ್ಟರ್ ಮೊದಲು ಒಪ್ಪಲಿಲ್ಲ. ಬೇಡಿಕೊಂಡೆ. ಕಡೆಗೆ ನನಗೂ ಹಸಿರು ನಿಲುವಂಗಿ, ಟೊಪ್ಪಿಗೆ ತೊಡಿಸಿ, ಏನನ್ನೂ ಮುಟ್ಟಬಾರದು ಅಂತ ಆಣೆ ಮಾಡಿಸಿ ಒಂದು ಸ್ಟೂಲಿನ ಮೇಲೆ ಕೂಡಿಸಿದರು. ಅತ್ತಿಯ ಮುಖಕ್ಕೆ ಬಟ್ಟೆ ಹೊದಿಸಿದ್ದರು, ಕಣ್ಣಿನ ಹತ್ತಿರ ಮಾತ್ರ ತೂತು. ನಾನು ಕೈ ಹಿಡಿದೆ. ನಡುಗುತ್ತಿದ್ದದ್ದು ನನ್ನ ಕೈ! ಬಟ್ಟೆಯೊಳಗಿಂದ ಅತ್ತಿ, "ಅಂಜಬ್ಯಾಡವ್ವಾ, ನಾ ಇದ್ದೀನಿ" ಅಂದಳು. ಡಾಕ್ಟರ್ ಮಾತಾಡಬೇಡಿರಿ ಅಂತ ಗದರಿದರು. ಅತ್ತಿ ಸುಮ್ಮನಾದಳು, ಆದರೆ ಆಪರೇಷನ್ ಮುಗಿಯುವ ತನಕ ಅವಳ ಹೆಬ್ಬೆರಳು ನನ್ನ ಕೈಯನ್ನು ಮೆಲ್ಲಗೆ ತೀಡುತ್ತಲೇ ಇತ್ತು.

ಮರುದಿನ ಮುಂಜಾನೆ ಪಟ್ಟಿ ಬಿಚ್ಚಿದರು. ಅತ್ತಿ ಕಣ್ಣು ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕಿಟಕಿಯನ್ನು ನೋಡಿದಳು. ಡಾಕ್ಟರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು, ನೋಡುತ್ತಲೇ ಇದ್ದಳು.

"ಅತ್ತಿ, ಕಾಣ್ಲತ್ತದೇನು? ಹೇಳು!"

ಅತ್ತಿ ಎರಡೂ ಕೈಯಲ್ಲಿ ನನ್ನ ಗಲ್ಲ ಹಿಡಿದು ಬೆಳಕಿನ ಕಡೆ ತಿರುಗಿಸಿದಳು.

"ಅದೇ ಹುಬ್ಬು, ಅದೇ ಮೂಗು... ನಮ್ಮಣ್ಣ ಹೋಗೇಬಿಟ್ಟ ಅಂತ ನಾ ಎಷ್ಟು ದಿನ ಒಬ್ಬಾಕಿನೇ ಅತ್ತೀನಿ. ಇಲ್ಲೇ ಇದ್ದಾನಲ್ಲ!"

ಡಾಕ್ಟರ್ ಗಾಬರಿಯಾಗಿ, "ಸಿಸ್ಟರ್, ಕಣ್ಣೀರು ತರಬ್ಯಾಡ್ರಿ, ಹಸಿ ಕಣ್ಣದ" ಅಂದರು. ಅತ್ತಿ ಕಣ್ಣೀರು ತರಲಿಲ್ಲ. ಅವಳ ಪಾಲಿನದನ್ನೂ ನಾನೇ ಅತ್ತುಬಿಟ್ಟೆ.