ಸುಣ್ಣ ಬಳಿದುಕೊಂಡ ಹುಲಿ

ಹುಲಿಯಾಗಲು ವಿದ್ಯಾರ್ಹತೆ ಬೇಕಿಲ್ಲ ಎಂದೇ ನಾನು ತಿಳಿದಿದ್ದೆ. ರಾಬರ್ಟ್‌ಸನ್‌ಪೇಟೆಯ ಗ್ರಂಥಾಲಯದಲ್ಲಿ ಭಾನುವಾರ ಮಕ್ಕಳಿಗೂ ಮನೆಯವರಿಗೂ ಕಥೆ ಹೇಳುತ್ತಾರೆ. ಈ ಸಲ ಅಜ್ಜಿಯನ್ನು ತಿನ್ನಲು ಬಂದ ಹುಲಿಯ ಕಥೆಯನ್ನು ವೇಷ ಕಟ್ಟಿ ಆಡೋಣ ಎಂದರು ಅಲ್ಲಿನ ಮೇಡಂ. ನನ್ನ ಹೆಂಡತಿ ಸರೋಜ ಅಜ್ಜಿಯಾಗಲು ಒಪ್ಪಿದಳು. ಹುಲಿ ಯಾರು ಎಂದು ಕೇಳುವ ಮೊದಲೇ ನಾನು ಕೈ ಎತ್ತಿದ್ದೆ.

ಮರುದಿನವೇ ನಮ್ಮ ಮಗಳು ಚಿನ್ನಿ ಶಾಲೆಯಲ್ಲಿ ಗೆಳತಿ ಸೆಲ್ವಿಯ ಜೊತೆ ಪಂಥ ಕಟ್ಟಿ ಬಂದಳು.

"ನಿಮ್ಮಪ್ಪ ನಮ್ಮ ನಾಯಿಗೇ ಎದರ್ತಾರೆ, ಅವರೆಂತಾ ಹುಲಿ ಅಂದ್ಳು. ಅವರನ್ನ ನೋಡಿ ನೀನು ಅಳ್ತೀಯ ಅಂದೆ. ಅವಳು ಅಳ್ಲಿಲ್ಲ ಅಂದ್ರೆ ನಾನು ಸ್ಕೂಲಿಗೆ ಓಗಲ್ಲ ಅಷ್ಟೇ."

ಮಗಳ ವಿದ್ಯಾಭ್ಯಾಸ ನನ್ನ ಘರ್ಜನೆಯ ಮೇಲೆ ನಿಂತಿತು. ಹಳೇ ಪಂಚೆ, ಬನಿಯನ್‌ಗಳನ್ನು ಅರಿಶಿನದಲ್ಲಿ ಅದ್ದಿದೆ. ಇದ್ದಿಲಿನಿಂದ ಪಟ್ಟೆ ಎಳೆದೆ. ರಟ್ಟಿನ ಮುಖವಾಡ ಮಾಡಿದೆ. ಬಾಲಕ್ಕೆ ನಮ್ಮ ಹಸುವಿನ ಹಗ್ಗ ಕಟ್ಟಿಕೊಂಡೆ. ಹಸು ಸಂತೋಷದಿಂದ ಕೊಟ್ಟಿತು ಎನ್ನಲಾರೆ.

ಭಾನುವಾರ ಗ್ರಂಥಾಲಯದ ಗೋಡೆಯ ಮೇಲೆ ಹುಲಿಯ ಚಿತ್ರ ನೋಡಿದೆ. ಅದರ ಹೊಟ್ಟೆ ಬೆಳ್ಳಗಿತ್ತು. ನನ್ನ ಹೊಟ್ಟೆ ಹಳದಿ. ಕಲಾವಿದನ ಆತ್ಮಸಾಕ್ಷಿ ಸುಮ್ಮನಿರಲಿಲ್ಲ. ಎದುರಿನ ಬೀಡಾ ಅಂಗಡಿಯಿಂದ ಸುಣ್ಣ ತಂದೆ, ನೀರಲ್ಲಿ ಕಲಸಿದೆ, ಮುಖವಾಡ ತೊಟ್ಟೇ ಹೊಟ್ಟೆಗೆ ಧಾರಾಳವಾಗಿ ಬಳಿದುಕೊಂಡೆ. ಮುಖವಾಡದ ತೂತುಗಳಿಂದ ಎದುರಿಗಿದ್ದದ್ದು ಮಾತ್ರ ಕಾಣುತ್ತಿತ್ತು, ಹೊಟ್ಟೆ ಕಾಣುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆರತಿಗೆ ಅರಿಶಿನ, ಸುಣ್ಣ ಕಲಸಿ ನೀರು ಕೆಂಪು ಮಾಡುವವನು ನಾನೇ. ಅಷ್ಟು ವರ್ಷದ ಅನುಭವ ಆ ಹೊತ್ತಿಗೆ ಎಲ್ಲಿ ಹೋಗಿತ್ತೋ ಕಾಣೆ.

ಒಳಗೆ ಜಿಗಿದೆ. ಸುಣ್ಣ ಹೊಟ್ಟೆಯನ್ನು ಸುಡತೊಡಗಿತ್ತು. ಹೀಗಾಗಿ ಘರ್ಜನೆ ಬರುವ ಕಡೆ ನರಳಾಟ ಬಂತು. ಎಲ್ಲರೂ ಗಪ್‌ಚುಪ್. ಹೆದರಿದರು ಎಂದು ಹಿಗ್ಗಿದೆ. ಅಷ್ಟರಲ್ಲಿ ಅಜ್ಜಿಯ ಕೈಯಿಂದ ಕೋಲು ಬಿತ್ತು.

"ಅಯ್ಯೋ, ನನ್ನ ಗಂಡ!"

ಕಥೆಯಲ್ಲಿ ಈ ಮಾತು ಇರಲಿಲ್ಲ.

ಸೆಲ್ವಿಯ ತಾತ ಚಾಂಪಿಯನ್ ರೀಫ್ಸ್‌ನವರು, ಅಲ್ಲಿನ ಚಿನ್ನದ ಗಣಿಯಲ್ಲಿ ಪ್ರಥಮ ಚಿಕಿತ್ಸೆ ಕಲಿತವರು. ಗಣಿ ಮುಚ್ಚಿದ ಮೇಲೆ ಅವರಿಗೆ ಒಬ್ಬ ಗಾಯಾಳುವೂ ಸಿಕ್ಕಿರಲಿಲ್ಲ. ಒಂದೇ ನೆಗೆತಕ್ಕೆ ಬಂದು ನನ್ನನ್ನು ಓದುವ ಮೇಜಿನ ಮೇಲೆ ಮಲಗಿಸಿದರು. ಹೆಗಲ ಟವೆಲ್ ತೆಗೆದು ಹೊಟ್ಟೆಗೆ ಬಿಗಿದರು.

"ಯಾರೂ ಮುಟ್ಟಬೇಡಿ. ತಳ್ಳಿ ನಿಲ್ಲುಂಗೋ, ದೂರ ನಿಲ್ಲಿ, ಗಾಳಿ ಬಿಡಿ."

"ಸಾರ್, ಇದು ಸುಣ್ಣ..."

"ಮಾತಾಡ್ಬೇಡಪ್ಪಾ, ರಕ್ತ ಜಾಸ್ತಿ ಓಗ್ತದೆ." ಇನ್ನೊಂದು ಸುತ್ತು ಬಿಗಿದರು.

ಸರೋಜ ಬೆರಳಲ್ಲಿ ಮುಟ್ಟಿ ಮೂಸಿದಳು. ಅವಳ ಗಾಬರಿ ಇಳಿಯಿತು, ಸಿಟ್ಟು ಏರಿತು. "ಅರಿಶಿನದ ಮೇಲೆ ಸುಣ್ಣ ಬಳ್ಕೊಂಡವ್ರೆ! ಏನ್ರೀ, ಹುಲಿ ಆಗಾಕೆ ಬಂದ್ರೋ, ದೃಷ್ಟಿ ತೆಗ್ಸಿಕೊಳ್ಳಾಕೆ ಬಂದ್ರೋ?"

ಮಕ್ಕಳೆಲ್ಲ ನಕ್ಕರು. ಒಬ್ಬಳು ಮಾತ್ರ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಸೆಲ್ವಿ!

"ಅತ್ಲು, ಅತ್ಲು! ನಾನೇ ಗೆದ್ದೆ" ಎಂದು ಚಿನ್ನಿ ಕುಣಿದಳು. ನನ್ನ ಎದೆಯೂ ಟವೆಲ್ ಬಿಟ್ಟಷ್ಟು ಉಬ್ಬಿತು.

"ಎದರಿ ಅತ್ತಿದ್ದಲ್ಲ" ಎಂದು ಸೆಲ್ವಿ ಮೂಗು ಒರೆಸಿಕೊಂಡಳು. "ಹುಲಿ ಪಾವಂ, ಪಾಪ. ಅದಕ್ಕೆ ನೋವಾಗ್ತಿದೆ." ಆಮೇಲೆ ತನ್ನ ಬಿಸ್ಕತ್ತು ಮುರಿದು, ಮುಖವಾಡದ ಬಾಯಿಯೊಳಗೆ ಮೆಲ್ಲಗೆ ತುರುಕಿದಳು.

ಹುಲಿ ಹಸಿದರೂ ಹುಲ್ಲು ತಿನ್ನುವುದಿಲ್ಲವಂತೆ. ನಾನು ಬಿಸ್ಕತ್ತು ತಿಂದೆ. ಇನ್ನೊಂದಿದೆಯಾ ಎಂದೂ ಕೇಳಿದೆ.