ದಾರಿ ಖರ್ಚು ಯಾರದು?

ಜರ್ಮನಿಗೆ ದುಡ್ಡು ಕಳಿಸುವ ನೆಪದಲ್ಲಿ ಯಾವ ಬ್ಯಾಂಕೂ ನನ್ನಿಂದ ಒಂದು ಕಾಸು ಹೆಚ್ಚಿಗೆ ಕೀಳಲಾರದು! ಹೀಗೆಂದು ನಾನು ನಡುಮನೆಯಲ್ಲಿ ನಿಂತು ಸಾರಿದೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಅಸದುಲ್ಲಾ ಅಂದರೆ ಯಾರು ಅಂತ ಕೇಳಿ ನೋಡಿ. ಒಂದು ಹಿಡಿ ರೇಷ್ಮೆಗೂಡು ಕೈಯಲ್ಲಿ ಕುಲುಕಿ, ಇದರಲ್ಲಿ ನೂಲೆಷ್ಟು, ಸುಳ್ಳೆಷ್ಟು ಅಂತ ಹೇಳಬಲ್ಲ ಮನುಷ್ಯ!

"ಭಾಷಣ ಮುಗೀತಾ?" ಅಂದಳು ನನ್ನ ಹೆಂಡತಿ ನಾಹಿದ್. "ಶುಕ್ರವಾರದೊಳಗೆ ಆ ಮನೆ ಓನರಮ್ಮನ ಖಾತೆಗೆ ಅಡ್ವಾನ್ಸ್ ಸೇರಬೇಕು. ಇವತ್ತು ಸೋಮವಾರ. ಹೋಗಿ ಕಳಿಸಿಬಿಡ್ರೀ."

"ಕಣ್ಮುಚ್ಕೊಂಡು ಕಳಿಸೋಕೆ ನಾನೇನು ನಿಮ್ಮಣ್ಣನಾ? ನಾಲ್ಕು ಕಡೆ ವಿಚಾರಿಸ್ತೀನಿ."

ನಮಗೆ ಒಬ್ಬಳೇ ಮಗಳು, ಅರ್ಫಾ. ನರ್ಸಿಂಗ್ ಓದಿ, ಜರ್ಮನ್ ಭಾಷೆ ಕಲಿತು, ಅಲ್ಲಿಯ ಒಂದು ಸಣ್ಣ ಊರಿನ ಆಸ್ಪತ್ರೆಗೆ ಸೇರಿದ್ದಳು. ಆಸ್ಪತ್ರೆಯವರು ಕೊಟ್ಟ ತಾತ್ಕಾಲಿಕ ರೂಮನ್ನು ಶುಕ್ರವಾರ ಬಿಡಬೇಕು. ಬೇರೆ ರೂಮೇನೋ ಸಿಕ್ಕಿತ್ತು. ಮೊದಲ ಸಂಬಳ ಬರುವವರೆಗೆ ಭಾರ ನಮ್ಮದು. ಅವಳ ಹೆಸರಿನಲ್ಲಿ ಅಲ್ಲಿ ಖಾತೆ ಇನ್ನೂ ಆಗಿರಲಿಲ್ಲ. ಖಾತೆ ತೆರೆಯಲು ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು! ಹಾಗಾಗಿ ದುಡ್ಡು ನೇರವಾಗಿ ಓನರಮ್ಮನಿಗೇ ಹೋಗಬೇಕಿತ್ತು.

ನನ್ನ ದಂಡಯಾತ್ರೆ ಹೊರಟಿತು. ಮೊದಲು ನಮ್ಮೂರಿನ ಬ್ಯಾಂಕು. ಕಮಿಷನ್ನು, ಕಮಿಷನ್ನಿನ ಮೇಲೆ ತೆರಿಗೆ, ಅದರ ಮೇಲೆ ಆ ದೇಶಕ್ಕೆ ಸಂದೇಶ ಕಳಿಸುವ ಶುಲ್ಕ!

"ಸಂದೇಶಕ್ಕೂ ದುಡ್ಡಾ ಮೇಡಂ? ಒಂದು ವಾಟ್ಸಾಪ್ ಹಾಕಿದ್ರೆ ಆಗಲ್ವಾ?"

ಮೇಡಂ ನಗಲಿಲ್ಲ. ನಾನು ಎದ್ದು ಬಂದೆ.

ಮಾರನೇ ದಿನ ಚಿಕ್ಕಬಳ್ಳಾಪುರ. ಅಲ್ಲೊಬ್ಬ ಏಜೆಂಟನ ಅಂಗಡಿಯ ಮೇಲೆ ಆಳೆತ್ತರದ ಬೋರ್ಡು: ‘ವಿದೇಶಕ್ಕೆ ಹಣ, ಶುಲ್ಕ ಸೊನ್ನೆ!’ ಒಳಗೆ ಹೋಗಿ ವಿಚಾರಿಸಿದರೆ ಒಂದೊಂದು ಯೂರೋಗೂ ಪೇಟೆ ದರಕ್ಕಿಂತ ಜಾಸ್ತಿ ಹಿಡಿಯುತ್ತಿದ್ದ. ಗೂಡು ಪುಕ್ಕಟೆ, ಮೂಟೆಗೆ ಮಾತ್ರ ಕಾಸು ಅಂದ ಹಾಗೆ! ಕಳ್ಳನನ್ನು ಹಿಡಿದ ಖುಷಿಯಲ್ಲಿ ನಾಹಿದ್‌ಗೆ ಫೋನ್ ಮಾಡಿದೆ.

"ಹಿಡಿದ್ರಲ್ಲ, ಸಂತೋಷ. ಕಳಿಸಿದ್ರಾ?"

"ಇಲ್ಲ. ಗೌರಿಬಿದನೂರಿನ ಒಂದು ಬ್ಯಾಂಕಲ್ಲಿ ಕಮಿಷನ್ ಅರ್ಧ ಅಂತೆ."

"ರೀ, ಅಲ್ಲಿ ಮಗು ಕಾಯ್ತಾ ಇದಾಳೆ."

ಗೌರಿಬಿದನೂರಿಗೂ ಹೋದೆ. ಅರ್ಧ ಕಮಿಷನ್ ನಿಜ, ಆದರೆ ಅಲ್ಲಿ ಹಳೇ ಖಾತೆ ಇದ್ದವರಿಗೆ ಮಾತ್ರ. ಕೊನೆಗೆ ಬುಧವಾರ ಮಧ್ಯಾಹ್ನ ನಮ್ಮೂರಿನ ಅದೇ ಬ್ಯಾಂಕು, ಅದೇ ನಗು ಬಾರದ ಮೇಡಂ! ಅಷ್ಟರಲ್ಲಿ ಯೂರೋ ಬೇರೆ ಸ್ವಲ್ಪ ಏರಿತ್ತು.

ಫಾರಂ ತುಂಬುವಾಗ ಒಂದು ಪ್ರಶ್ನೆ ಸಿಕ್ಕಿತು: ದಾರಿಯಲ್ಲಿ ಬೇರೆ ಬ್ಯಾಂಕುಗಳು ಹಿಡಿಯುವ ಖರ್ಚು ಯಾರದು? ಕಳಿಸುವವರದೋ, ಪಡೆಯುವವರದೋ, ಇಬ್ಬರದೂನೋ?

ನನ್ನ ಕಣ್ಣು ಮಿನುಗಿತು. ಬಾಡಿಗೆ ತಿನ್ನುವವಳು ಆಕೆ, ಖರ್ಚು ನನ್ನದಾ? ‘ಪಡೆಯುವವರದು’ ಅಂತ ಗುರುತು ಹಾಕಿದೆ.

"ಯೋಚನೆ ಮಾಡಿ ಸಾರ್," ಅಂದರು ಮೇಡಂ.

"ಮಾಡಿಯೇ ಹಾಕಿದ್ದು ಮೇಡಂ!"

ಶುಕ್ರವಾರ ಸಂಜೆ ನಮಾಜ್ ಮುಗಿಸಿ ಬರುವಷ್ಟರಲ್ಲಿ ಅರ್ಫಾಳ ಫೋನು.

"ಅಬ್ಬಾ, ರೂಮಿನ ಬೀಗದ ಕೈ ಸಿಕ್ತು."

"ದುಡ್ಡು ಸೇರ್ತಲ್ಲ? ಹೇಗೆ ಕಳಿಸಿದೆ ನೋಡು! ಒಂದು ಪೈಸೆ ವ್ಯರ್ಥ ಇಲ್ಲ!"

"ಸೇರ್ತು ಅಬ್ಬಾ. ಚಿಂತಾಮಣಿಯ ವರಲಕ್ಷ್ಮಿ ಅಕ್ಕ ಅಂತ ನಮ್ಮ ಆಸ್ಪತ್ರೆಯಲ್ಲೇ ನರ್ಸ್. ಅವರು ಬಂದು ತುಂಬಾ ಸಹಾಯ ಮಾಡಿದ್ರು. ಸಾಧ್ಯ ಆದ್ರೆ ಚಿಂತಾಮಣೀಲಿರೋ ಅವರಮ್ಮನ್ನ ಒಂದ್ಸಲ ನೋಡಿ ಬನ್ನಿ." ಮಧ್ಯೆ ಮಧ್ಯೆ ಮೂಗೆಳೆಯುತ್ತಿದ್ದಳು. ನೆಗಡಿ ಅಂದಳು.

ಶನಿವಾರ ಇಡೀ ಮಾರ್ಕೆಟ್ಟಿಗೆ ನನ್ನ ಉಪನ್ಯಾಸ! ಭಾನುವಾರ ಮಿಠಾಯಿ ಡಬ್ಬ ಹಿಡಿದು ಗಂಡ ಹೆಂಡತಿ ಚಿಂತಾಮಣಿಗೆ ಹೋದೆವು. ವರಲಕ್ಷ್ಮಿಯ ತಾಯಿ ಆದಿಲಕ್ಷ್ಮಮ್ಮ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

"ರಾಂಡಿ ರಾಂಡಿ, ಒಳಗೆ ಬನ್ನಿ. ಅರ್ಫಾ ಅವರ ಮನೆಯವ್ರಾ? ಕೂತ್ಕೊಳ್ಳಮ್ಮಾ." ತೆಲುಗು ಬೆರೆತ ಮಾತು ಆಕೆಯದು.

ಕಾಫಿ ಬಂತು. ಲೋಟ ಕೈಗೆ ಬಂದದ್ದೇ ನನ್ನ ನಾಲಿಗೆಯೂ ಹೊರಟಿತು. "ಅಮ್ಮಾ, ನೀವು ಯಾವತ್ತಾದ್ರೂ ಮಗಳಿಗೆ ದುಡ್ಡು ಕಳಿಸೋದಿದ್ರೆ ನನ್ನ ಕೇಳಿ. ಶುಲ್ಕ ಸೊನ್ನೆ ಅನ್ನೋರನ್ನ ನಂಬಬೇಡಿ. ಬ್ಯಾಂಕಲ್ಲೇ ಹಾಕಿ, ದಾರಿ ಖರ್ಚು ಪಡೆಯುವವರದು ಅಂತ ಬರೆದುಬಿಡಿ! ನಮಗೆ ಉಳಿತಾಯ!"

ಆದಿಲಕ್ಷ್ಮಮ್ಮನ ಕೈ ನಿಂತಿತು. "ಓ... ಅದಕ್ಕೇನಾ ಕಮ್ಮಿ ಬಿದ್ದಿದ್ದು?"

"ಏನು ಕಮ್ಮಿ?"

ಆಕೆ ನಾಹಿದ್‌ ಮುಖ ನೋಡಿದರು. "ಅಯ್ಯೋ ದೇವುಡಾ, ಮಗು ನಿಮಗೆ ಹೇಳಿಲ್ವಾ?"

ಆಮೇಲೆ ಎಲ್ಲ ಹೊರಬಂತು. ದಾರಿಯ ಬ್ಯಾಂಕುಗಳು ತಮ್ಮ ತಮ್ಮ ಪಾಲು ಮುರಿದುಕೊಂಡು ಉಳಿದದ್ದನ್ನು ಮುಂದಕ್ಕೆ ತಳ್ಳಿದ್ದವು. ಅಡ್ವಾನ್ಸ್ ಪೂರ್ತಿ ಖಾತೆಗೆ ಬರುವವರೆಗೆ ಬೀಗದ ಕೈ ಇಲ್ಲ ಅಂದರಂತೆ ಓನರಮ್ಮ. ಅರ್ಫಾ ಕೈಯಲ್ಲಿದ್ದ ನೋಟು ಚಾಚಿದಳಂತೆ, ನಗದು ಮುಟ್ಟುವುದಿಲ್ಲ ಅಂದರಂತೆ. ಹಳೇ ರೂಮು ಬೆಳಗ್ಗೆಯೇ ಖಾಲಿಯಾಗಿತ್ತು. ನನ್ನ ಮಗಳು ಆ ಮನೆಯ ಮೆಟ್ಟಿಲ ಮೇಲೆ, ಜಡಿಮಳೆಯಲ್ಲಿ, ಪೆಟ್ಟಿಗೆ ತಬ್ಬಿಕೊಂಡು ಕೂತಿದ್ದಳು. ವರಲಕ್ಷ್ಮಿ ಡ್ಯೂಟಿ ಮುಗಿಸಿ ಬಂದು, ತನ್ನ ಫೋನಿನಿಂದ ಬಾಕಿ ಕಟ್ಟಿದ ಮೇಲೆಯೇ ಬಾಗಿಲು ತೆರೆದದ್ದು.

"ಚಳೀಲಿ ತುಟಿ ನೀಲಿ ಆಗಿತ್ತಂತೆ," ಅಂದರು ಆದಿಲಕ್ಷ್ಮಮ್ಮ, ಮೆಲ್ಲಗೆ.

ನಾಹಿದ್ ದುಪಟ್ಟಾದ ತುದಿ ಬಾಯಿಗೆ ಒತ್ತಿಕೊಂಡಳು. ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ.

ನಾನು ಜೇಬಿಗೆ ಕೈ ಹಾಕಿದೆ. "ಅಮ್ಮಾ, ನಿಮ್ಮ ಮಗಳು ಕಟ್ಟಿದ್ದು..."

"ಒಳಗಿಡಿ ಅಣ್ಣಾ. ನನ್ನ ಮಗಳು ಹೊಸದಾಗಿ ಹೋದಾಗ ಯಾರೋ ಕೇರಳದಮ್ಮ ಮನೇಲಿಟ್ಕೊಂಡು ಅನ್ನ ಹಾಕಿದ್ಲು. ಅದನ್ನ ನಾನು ಯಾವ ಬ್ಯಾಂಕಲ್ಲಿ ವಾಪಸ್ ಕಳಿಸ್ಲಿ, ಹೇಳಿ?"

ಮೂರೂರಿನ ಬ್ಯಾಂಕು ಅರೆದು ಕುಡಿದ ನಾನು ನೋಟುಗಳನ್ನು ಮತ್ತೆ ಜೇಬಿಗೆ ಇಳಿಸಿದೆ. ಹೊರಡುವಾಗ ಆಕೆ ಒಂದು ಚೀಲ ಅವರೆಕಾಳು ನಾಹಿದ್‌ ಕೈಗಿಟ್ಟರು.

ಬಸ್ ಸ್ಟ್ಯಾಂಡಿನ ಗದ್ದಲದಲ್ಲೇ ಅರ್ಫಾಗೆ ಫೋನ್ ಮಾಡಿದೆ. "ಯಾಕಮ್ಮಾ ನನಗೆ ಹೇಳಲಿಲ್ಲ?"

ಆ ಕಡೆಯಿಂದ ಮೂಗೆಳೆದ ಸದ್ದು. ಈ ಸಲ ನೆಗಡಿ ಅನ್ನಲಿಲ್ಲ.

"ಅವತ್ತು ಫೋನಲ್ಲಿ ನೀವು ಎಷ್ಟು ಖುಷಿಯಾಗಿದ್ರಿ ಅಬ್ಬಾ. ದಾರೀಲಿ ಸಿಕ್ಕೋರೆಲ್ಲ ನಿಮ್ಮ ದುಡ್ಡಲ್ಲಿ ಒಂದಿಷ್ಟು ಮುರ್ಕೊಂಡಿದ್ರು. ನಿಮ್ಮ ಖುಷೀಲಿ ನಾನೂ ಮುರ್ಕೊಳ್ಳೋದು ಬೇಡ ಅನ್ನಿಸ್ತು."