ಶೇಂಗಾ ಎಣ್ಣೆಯಲ್ಲಿ ಮನೆಮಂದಿ

ನಮ್ಮ ಕಾಕಾ ಕುಂಚ ಹಿಡಿದ ದಿನದಿಂದ ನಮ್ಮ ಮನೆಯಲ್ಲಿ ಯಾರೂ ಸುಂದರರಾಗಿ ಉಳಿದಿಲ್ಲ. ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಯರಗುಪ್ಪಿಯ ನಮ್ಮ ಪಡಸಾಲೆಗೆ ಬಂದು ಕ್ಯಾನ್ವಾಸಿನ ಮೇಲೆ ನನ್ನ ಕಿವಿ ನೋಡಿದರೆ ನಿಮಗೇ ತಿಳಿಯುತ್ತದೆ. ಅಂಥ ಕಿವಿಯಿಂದ ಆರಾಮಾಗಿ ನೊಣ ಹೊಡೆದುಕೊಳ್ಳಬಹುದು!

ತಪ್ಪು ಕಾಕಾನದಲ್ಲ ಬಿಡಿ. ನಿವೃತ್ತನಾಗುವವರೆಗೆ ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದವನು. ಎದುರಿಗೆ ಯಾರು ಕೂತರೂ ಮೊದಲು "ಹಲ್ಲು ತೋರ್ಸು" ಎನ್ನುತ್ತಾನೆ. ವಯಸ್ಸು ಖಾತ್ರಿಯಾಗದೆ ಮುಖ ಬರೆಯುವುದು ಹೇಗೆ? ನಮ್ಮಪ್ಪ, ಅಂದರೆ ಅವನ ಅಣ್ಣ, ಕೂತಲ್ಲಿ ಅಲುಗಾಡಿದರೆ "ಹೋ ಹೋ" ಎಂದು ಬೆನ್ನು ತಟ್ಟುತ್ತಾನೆ. ಕಾಕಾನ ಹೆಂಡತಿ ಕಾಕೂ ಮಾತ್ರ ಕೂರಲು ಸುತರಾಂ ಒಪ್ಪಲಿಲ್ಲ. ನಮ್ಮ ಕಡೆ ಚೌಕಟ್ಟು ಹಾಕಿಸಿಕೊಂಡು ಗೋಡೆ ಏರುವವರು ತೀರಿಹೋದವರೇ. ಅವರಿಗೆ ವಿಭೂತಿ, ಮಾಲೆ, ಸಣ್ಣದೊಂದು ಬಲ್ಬು.

"ನಾ ಇನ್ನೂ ರೊಟ್ಟಿ ಬಡ್ಯಾಕತ್ತೇನಿ. ಇಷ್ಟ ಲಗೂ ಗ್ವಾಡಿಗೆ ಹಾಕಬ್ಯಾಡ್ರಿ" ಎಂದಳು.

ಕಾಕಾ ಅವಳು ರೊಟ್ಟಿ ಬಡಿಯುವಾಗಲೇ ಕದ್ದು ನೋಡಿ ಬರೆದ. ಹೀಗಾಗಿ ಕುಟುಂಬದ ಚಿತ್ರದಲ್ಲಿ ಅವಳ ಕೈಯಲ್ಲೊಂದು ಜೋಳದ ಹಿಟ್ಟಿನ ಉಂಡೆ ಉಳಿದಿದೆ.

ಇಷ್ಟೆಲ್ಲ ಸಾಹಸ ನಮ್ಮ ಮುಖಗಳಿಗಾಗಿ ಎಂದು ನಾವು ಉಬ್ಬಿಕೊಂಡಿದ್ದೆವು. ಆದರೆ ಚಿತ್ರದ ನಡುವೆ ಒಂದು ಕುರ್ಚಿ ಖಾಲಿ ಇತ್ತು. ಅದು ಅವನ ಅವ್ವನದು, ನನ್ನ ಅಜ್ಜಿಯದು. ಕಾಕಾ ಒಂದೂವರೆ ವರ್ಷದ ಕೂಸಾಗಿದ್ದಾಗ ಆಕೆ ತೀರಿಕೊಂಡಳು. ಮನೆಯಲ್ಲಿ ಆಕೆಯ ಒಂದೂ ಫೋಟೋ ಇಲ್ಲ. ಅರವತ್ತಾರು ವರ್ಷದ ಕಾಕಾನಿಗೆ ತನ್ನ ಅವ್ವನ ಮುಖ ಗೊತ್ತಿಲ್ಲ. ಸಾಯುವುದರೊಳಗೆ ಒಮ್ಮೆ ನೋಡಬೇಕು ಎಂಬುದೊಂದೇ ಅವನ ಆಸೆ. ತೋರಿಸುವವರು ಯಾರೂ ಇಲ್ಲವೆಂದು ತಾನೇ ಬರೆಯಲು ಹೊರಟಿದ್ದ.

ಮೊಬೈಲಿನ ವಿಡಿಯೋದಲ್ಲಿ ಬಣ್ಣಕ್ಕೆ ಎಣ್ಣೆ ಬೆರೆಸಿ ಎಂದಿದ್ದರಂತೆ. ಯಾವ ಎಣ್ಣೆ ಎಂದು ಹೇಳುವಷ್ಟರಲ್ಲಿ ಕಾಕಾ ಅಡುಗೆಮನೆಯಲ್ಲಿದ್ದ. ನಮ್ಮೂರಲ್ಲಿ ಎಣ್ಣೆ ಎಂದರೆ ಶೇಂಗಾ ಎಣ್ಣೆ, ಅದರಲ್ಲಿ ಕೇಳುವುದೇನು? ಗಾಣದಿಂದ ತಂದ ಡಬ್ಬಿಯನ್ನೇ ಬಗ್ಗಿಸಿದ. ತಿಂಗಳಾದರೂ ಚಿತ್ರ ಒಣಗಲಿಲ್ಲ. ಎರೆ ಹೊಲದ ಧೂಳು ಬಂದು ಮೆತ್ತಿ ಎಲ್ಲರಿಗೂ ಗಡ್ಡ ಬಂತು, ಕಾಕೂನೂ ಸೇರಿ. ಅಪ್ಪನ ಮೀಸೆಯಿಂದ ನನ್ನ ಕಿವಿಯವರೆಗೆ ಇರುವೆಗಳು ಸಾಲುಗಟ್ಟಿದವು. ಕಾಕಾ ಕುಂದಗೋಳಕ್ಕೆ ಹೋಗಿ ಗಾಣದವನನ್ನೇ ತರಾಟೆಗೆ ತೆಗೆದುಕೊಂಡ.

"ನಿನ್ನ ಎಣ್ಣಿ ಒಣಗವಲ್ದಲ್ಲೋ."

"ಒಣಗಿದ್ರ ಬಜಿ ಹೆಂಗ ಕರಿಯೂದ್ರಿ?" ಎಂದ ಅವನು ತಣ್ಣಗೆ. "ಅಗಸಿ ಎಣ್ಣಿ ಒಯ್ರಿ. ಹಿಂದಕ ಬಾಗಿಲಕ್ಕ ಅದನ್ನ ಹಚ್ತಿದ್ರು."

ಎಲ್ಲ ಒರೆಸಿ ಅಗಸೆ ಎಣ್ಣೆಯಲ್ಲಿ ಮತ್ತೆ ಶುರು. ಈ ಸಲ ಒಣಗಿತು. ನನ್ನ ಕಿವಿ ಇನ್ನಷ್ಟು ದೊಡ್ಡದಾಗಿ ಒಣಗಿತು.

ಉಳಿದದ್ದು ಅಜ್ಜಿಯ ಮುಖ. ಆಗ ನಾಲ್ಕು ವರ್ಷದವನಾಗಿದ್ದ ಅಪ್ಪನಿಗೆ ನೆನಪಿದ್ದದ್ದು ಅವಳ ಹಸಿರು ಬಳೆ ಮಾತ್ರ. ಓಣಿಯ ಮುದುಕನೊಬ್ಬ "ಅಗದಿ ನಿನ್ನಂಗ ಇದ್ಲು ನೋಡು" ಎಂದಿದ್ದೇ ತಡ, ಕಾಕಾ ಮೀಸೆ ಬೋಳಿಸಿಕೊಂಡು, ಬೋಳು ತಲೆಯ ಮೇಲೆ ಕಾಕೂನ ಇಳಕಲ್ ಸೀರೆಯ ಸೆರಗು ಹೊದ್ದು ಕನ್ನಡಿ ಮುಂದೆ ಕೂತ. ಅಷ್ಟರಲ್ಲಿ ಯಾರೋ ಬಂದು ಎಮ್ಮೆ ಮೇವು ಬಿಟ್ಟಿದೆ ಎಂದರು. ಕಾಕಾ ಸೆರಗು ಹೊದ್ದೇ ಹೋಗಿ ನೋಡಿಬಂದ.

"ಏನಾಗಿತ್ತರೀ ಎಮ್ಮಿಗೆ?" ಎಂದಳು ಕಾಕೂ.

"ಅಜೀರ್ಣ."

"ಈಗ ಅಂಜಿಕಿನೂ ಹೊಕ್ಕಿರ್ತೈತಿ."

ಅಂತೂ ಖಾಲಿ ಕುರ್ಚಿಯಲ್ಲಿ, ಕಾಕಾನನ್ನೇ ಹೋಲುವ ಅಜ್ಜಿಯೊಬ್ಬಳು ಕೈಕಟ್ಟಿ ಕೂತಳು. ಒಪ್ಪಿಗೆ ಕೊಡಬೇಕಾದವಳು ಮಿಶ್ರಿಕೋಟಿಯ ಅತ್ತೆ, ಕಾಕಾನ ಹಿರಿಯಕ್ಕ. ಅಜ್ಜಿ ಹೋದಾಗ ಅವಳಿಗೆ ಹನ್ನೆರಡು ವರ್ಷ. ಬಸ್ಸಿಳಿದು ಬಂದವಳು ನೀರೂ ಕುಡಿಯದೆ ಚಿತ್ರದ ಮುಂದೆ ನಿಂತಳು. ಒದೆಯುವ ಎಮ್ಮೆಗೂ ಹೆದರದ ಕಾಕಾ ಒದ್ದೆಯಿಲ್ಲದ ಕುಂಚವನ್ನು ಮತ್ತೆ ಮತ್ತೆ ಒರೆಸುತ್ತಿದ್ದ.

"ಇದ್ಯಾರೋ?"

"ಅವ್ವ."

"ಅವ್ವ ಹಿಂಗ ಇರಲಿಲ್ಲೋ."

ಕಾಕಾ ಕುಂಚ ಕೆಳಗಿಟ್ಟ. "ಮತ್ತ ಹೆಂಗಿದ್ಲು, ಹೇಳಬೇ ಅಕ್ಕಾ."

ಅತ್ತೆ ಚಿತ್ರದಲ್ಲಿನ ಕಟ್ಟಿದ ಕೈಗಳ ಮೇಲೆ ಬೆರಳಿಟ್ಟಳು. "ಖರೇ ಹೇಳ್ಲಿ? ಅವ್ವನ ಮಾರಿ ನನಗೂ ಮಸಕ ಆಗೇತಿ. ಆದ್ರ ಆಕಿ ಹಿಂಗ ಖಾಲಿ ಕೈಲೆ ಕುಂತಾಕಿ ಅಲ್ಲ. ಯಾವಾಗ್ಲೂ ಟೊಂಕದ ಮ್ಯಾಲ ನೀ ಇರ್ತಿದ್ದಿ. ಜ್ವರ ಬಂದಾಗೂ ಕೆಳಗ ಇಳಸಲಿಲ್ಲ. ಕಡೀ ದಿನ ಆಕಿ ಕೈಯಾಗಿಂದ ನಿನ್ನ ನಾನ ಬಿಡಿಸ್ಕೊಂಡೆ."

ಇದನ್ನು ಕಾಕಾನಿಗೆ ಯಾರೂ ಹೇಳಿರಲಿಲ್ಲ. ಅವನೂ ಯಾರನ್ನೂ ಕೇಳಿರಲಿಲ್ಲ. ಮೀಸೆಯಿಲ್ಲದ ಮೇಲ್ತುಟಿಯನ್ನು ಅವನು ಅಂಗೈಯಿಂದ ಮುಚ್ಚಿಕೊಂಡ. ಇಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಮರುದಿನ ಅವನು ಕುರ್ಚಿಯನ್ನು ಅಳಿಸಿ ಅಜ್ಜಿಯನ್ನು ಎಬ್ಬಿಸಿ ನಿಲ್ಲಿಸಿದ. ಟೊಂಕದ ಮೇಲೆ ಒಂದು ಕೂಸು ಬಂತು. ಅಜ್ಜಿ ಈಗ ನಮ್ಮ ಕಡೆ ನೋಡುತ್ತಿಲ್ಲ. ಪೂರ್ತಿ ಕೂಸಿನ ಕಡೆ ಹೊರಳಿದ್ದಾಳೆ. ನಮಗೆ ಕಾಣುವುದು ಸೆರಗು ಮಾತ್ರ, ಮುಖವಲ್ಲ.

"ಮಾರಿ ಬರೀಲೇ ಇಲ್ಲಲ್ಲ ಕಾಕಾ" ಎಂದೆ.

ಕಾಕಾ ಬೆರಳಿನಿಂದ ಆ ಕೂಸನ್ನು ತೋರಿಸಿದ.

"ನಾ ನೋಡಾಕತ್ತೇನಲ್ಲೋ" ಎಂದ.